ಹೊಸ್ತಿಲಾಚೆಯ ಹೊಗೆ

ಆಸ್ಪತ್ರೆಯ ವಾರ್ಡಿನಲ್ಲಿ ಬೀಡಿ ಹಚ್ಚಿದರೆ ದಂಡ ತೆರಬೇಕು ಎಂಬುದು ಈಗ ಹಳ್ಳಿಯ ಮುದುಕರಿಗೂ ಗೊತ್ತಿರುವ ವಿಷಯ. ಆದರೆ ಅದೇ ಆಸ್ಪತ್ರೆಯ ಗೇಟು ದಾಟಿ ನಾಲ್ಕು ಹೆಜ್ಜೆ ಆಚೆ ಬಂದು, ಗೂಡಂಗಡಿಯ ಕಂಬಕ್ಕೆ ನೇತುಹಾಕಿದ ನಾರಿನ ಹಗ್ಗದ ಕೆಂಡದಲ್ಲಿ ಅದೇ ಬೀಡಿಯನ್ನು ಹಚ್ಚಿಕೊಂಡರೆ? ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕೇಳಿದರೂ, ಕಾನೂನು ಏನನ್ನುತ್ತದೆ ಎಂದು ಹೇಳಲು ವಕೀಲರೇ ಸ್ವಲ್ಪ ತಡವರಿಸಬೇಕಾಗುತ್ತದೆ.

ಈ ತಡವರಿಕೆಗೆ ಕಾರಣವಿದೆ. ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ದೇಶಾದ್ಯಂತ ನಿಷೇಧಿಸಿದ್ದು 2003ರ ಕೇಂದ್ರ ಕಾಯ್ದೆ. ಅದರ ಉದ್ದನೆಯ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ‘ಕೋಟ್ಪಾ’ ಎಂದು ಕರೆಯುವುದು ರೂಢಿ. ‘ಸಾರ್ವಜನಿಕ ಸ್ಥಳ’ ಎಂದರೆ ಯಾವುದು ಎಂದು ವಿವರಿಸುವಾಗ ಈ ಕಾಯ್ದೆ ಆಸ್ಪತ್ರೆಯ ಕಟ್ಟಡ, ನ್ಯಾಯಾಲಯದ ಕಟ್ಟಡ, ಸರ್ಕಾರಿ ಕಚೇರಿ, ಗ್ರಂಥಾಲಯ, ವಿದ್ಯಾಸಂಸ್ಥೆ, ಹೋಟೆಲು, ರೈಲ್ವೆ ನಿಲ್ದಾಣದ ತಂಗುಕೋಣೆ, ಬಸ್ಸು ಮುಂತಾದ ವಾಹನಗಳು ಎಂದು ಒಂದೊಂದಾಗಿ ಹೇಳುತ್ತಾ ಹೋಗುತ್ತದೆ. ಕೊನೆಯಲ್ಲಿ, ಬಯಲು ಜಾಗ ಇದರಲ್ಲಿ ಸೇರುವುದಿಲ್ಲವೆಂದು ಹೇಳಿ ಸುಮ್ಮನಾಗುತ್ತದೆ. ಈ ಕೊನೆಯ ಮಾತು ತುಂಬಾ ಸಡಿಲವಾಯಿತೆಂದು ಸರ್ಕಾರಕ್ಕೇ ಅನ್ನಿಸಿರಬೇಕು. 2008ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನ, ಜಾರಿಗೆ ಬಂದ ನಿಯಮಗಳು ಅದನ್ನು ಬಿಗಿಗೊಳಿಸಿದವು. ಬಯಲು ರಂಗಮಂದಿರ, ಕ್ರೀಡಾಂಗಣ, ರೈಲು ನಿಲ್ದಾಣ, ಬಸ್ ನಿಲ್ದಾಣ ಮುಂತಾಗಿ ಜನ ಬಂದು ಹೋಗುವ ಜಾಗಗಳನ್ನು ಬಯಲು ಎಂದು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ ಎಂದವು. ಹಾಗಾದರೆ ಕೋರ್ಟಿನ ಮೆಟ್ಟಿಲು? ತಾಲ್ಲೂಕು ಕಚೇರಿಯ ಮುಂದಿನ ಹೊಂಗೆ ಮರದ ಕಟ್ಟೆ? ಆಸ್ಪತ್ರೆಯ ಗೇಟಿಗೆ ಅಂಟಿಕೊಂಡ ಪಾದಚಾರಿ ದಾರಿ? ‘ಮುಂತಾದ’ ಎಂಬ ಒಂದೇ ಪದ ಇವನ್ನೆಲ್ಲ ಹೊತ್ತುಕೊಳ್ಳಬೇಕಾಗಿದೆ. ಪೂರ್ತಿ ಒಳಗೂ ಅಲ್ಲದ, ಪೂರ್ತಿ ಹೊರಗೂ ಅಲ್ಲದ ಈ ಹೊಸ್ತಿಲಿನ ಜಾಗದಲ್ಲಿ ಏಳುವ ಹೊಗೆ ಯಾರದು, ಅದನ್ನು ಕುಡಿಯುವವರು ಯಾರು ಎಂಬುದು ತಮಾಷೆಯ ಪ್ರಶ್ನೆಯಲ್ಲ.

ಕಾನೂನು ಮೊದಲು ಗೋಡೆಯ ಒಳಗನ್ನು ನೋಡಿ, ಹೊರಗನ್ನು ಆಮೇಲೆ ನೋಡೋಣವೆಂದು ಬಿಟ್ಟದ್ದು ನಮಗೆ ಸಹಜವೆಂದೇ ತೋರುತ್ತದೆ. ಆದರೆ ಚರಿತ್ರೆಯಲ್ಲಿ ಅದು ಹಾಗಿರಲಿಲ್ಲ.

ಹೊಗೆಸೊಪ್ಪು ನಮ್ಮ ದೇಶದ್ದಲ್ಲ. ಅಮೆರಿಕ ಖಂಡದಿಂದ ಹೊರಟು ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದಿಳಿದ ಸರಕು ಅದು. ಮೊಗಲರ ಆಸ್ಥಾನಕ್ಕೆ ಅದು ತಲುಪಿದ್ದು ನಮ್ಮ ಬಿಜಾಪುರದ ಮೂಲಕ ಎಂಬುದು ಕುತೂಹಲದ ಸಂಗತಿ. ಅಕ್ಬರನ ರಾಯಭಾರಿ ಅಸದ್ ಬೇಗ್ 1604ರ ಸುಮಾರಿಗೆ ಆದಿಲ್‌ಶಾಹಿ ರಾಜಧಾನಿಗೆ ಬಂದಿದ್ದಾಗ ತಂಬಾಕನ್ನು ಕಂಡು, ಹಿಂದೆಂದೂ ಇಂಥದನ್ನು ನೋಡಿಲ್ಲವೆಂದು ಒಂದಷ್ಟು ಕೊಂಡುಕೊಂಡ. ರತ್ನಖಚಿತವಾದ ಕೊಳವೆಯನ್ನು ಮಾಡಿಸಿ ಬಾದಶಹನ ಮುಂದೆ ಇಟ್ಟ. ಅಕ್ಬರ್ ಎರಡು ಮೂರು ದಮ್ಮು ಎಳೆದನಂತೆ. ಆಸ್ಥಾನದ ಹಕೀಮರು ಗಾಬರಿಯಾದರು. ನಮ್ಮ ವೈದ್ಯಗ್ರಂಥಗಳಲ್ಲಿ ಇಲ್ಲದ ವಸ್ತುವನ್ನು ಪ್ರಭುಗಳು ಸೇವಿಸುವುದು ಹೇಗೆ ಎಂದು ವಾದ ಹೂಡಿದರು. ಅಕ್ಬರ್ ಮುಂದೆ ಅದನ್ನು ಮುಟ್ಟಲಿಲ್ಲ. ಆದರೆ ಸರದಾರರು ಬಿಡಲಿಲ್ಲ, ವ್ಯಾಪಾರಿಗಳಂತೂ ಬಿಡುವ ಮಾತೇ ಇರಲಿಲ್ಲ. ಅಕ್ಬರನ ಮಗ ಜಹಾಂಗೀರ್ 1617ರಲ್ಲಿ ನಿಷೇಧದ ಆಜ್ಞೆ ಹೊರಡಿಸುವ ಹೊತ್ತಿಗೆ ಚಟ ಆಜ್ಞೆಗಿಂತ ಮುಂದೆ ಹೋಗಿತ್ತು.

ಅದೇ 1604ರಲ್ಲಿ ಇಂಗ್ಲೆಂಡಿನಲ್ಲಿ ದೊರೆ ಒಂದನೆಯ ಜೇಮ್ಸ್ ತಂಬಾಕನ್ನು ಖಂಡಿಸಿ ಒಂದು ಸಣ್ಣ ಪುಸ್ತಕವನ್ನೇ ಬರೆದ. ಅದರಲ್ಲಿ ಮಿದುಳು, ಶ್ವಾಸಕೋಶ ಎಂದೆಲ್ಲ ಬೈದದ್ದು ಪ್ರಸಿದ್ಧವಾಗಿದೆ. ಅಷ್ಟು ಪ್ರಸಿದ್ಧವಲ್ಲದ ಆಕ್ಷೇಪ ಇನ್ನೊಂದಿದೆ. ಗಂಡ ಹೊಗೆ ಬಿಡುತ್ತಾನೆ, ಪಾಪ, ಹೆಂಡತಿ ತಾನೂ ಆ ಚಟ ಕಲಿಯಬೇಕು, ಇಲ್ಲವೇ ಜೀವಮಾನವಿಡೀ ಆ ನಾತವನ್ನು ಸಹಿಸಿಕೊಂಡಿರಬೇಕು ಎಂಬುದು ದೊರೆಯ ದೂರು. ಹೊಗೆ ಬಿಡುವವನ ಪಕ್ಕದಲ್ಲಿರುವವರ ಕಷ್ಟವನ್ನು ಬರಹದಲ್ಲಿ ದಾಖಲಿಸಿದ ಮೊದಲಿಗರಲ್ಲಿ ಒಬ್ಬ ರಾಜನೇ ಇದ್ದ ಎಂದಾಯಿತು. ಆದರೆ ಆ ಮಾತನ್ನು ಹಿಡಿದು ಯಾರೂ ಕಾನೂನು ಮಾಡಲಿಲ್ಲ. ಮುಂದಿನ ಕಾಲದಲ್ಲಿ ಯೂರೋಪಿನ ಊರುಗಳಲ್ಲಿ ಬಂದ ನಿಷೇಧಗಳಲ್ಲಿ ಎಷ್ಟೋ ಬೀದಿಗೆ ಸಂಬಂಧಿಸಿದವು, ಭಯವಿದ್ದದ್ದು ಬೆಂಕಿಯದು. ಮರದ ಮನೆ, ಹುಲ್ಲಿನ ಮಾಡು, ಕುದುರೆ ಲಾಯಗಳ ನಡುವೆ ಒಂದು ಕಿಡಿ ಬಿದ್ದರೆ ಊರೇ ಹೋಗುತ್ತಿತ್ತು. ಬರ್ಲಿನ್ ನಗರದಲ್ಲಿ ಬೀದಿಯಲ್ಲಿ ಹೊಗೆ ಸೇದುವುದು 1848ರವರೆಗೂ ಅಪರಾಧವಾಗಿತ್ತು. ಆ ವರ್ಷದ ಮಾರ್ಚ್ ಕ್ರಾಂತಿಯಲ್ಲಿ ಪತ್ರಿಕಾ ಸ್ವಾತಂತ್ರ್ಯ, ಸಂವಿಧಾನ ಎಂಬ ಘನವಾದ ಬೇಡಿಕೆಗಳ ಜೊತೆಗೆ ಬೀದಿಯಲ್ಲಿ ಚುಟ್ಟಾ ಸೇದುವ ಸ್ವಾತಂತ್ರ್ಯವೂ ಜನರಿಗೆ ದಕ್ಕಿತು. ಮನೆಯೊಳಗೆ ಹೆಂಡತಿ ಮಕ್ಕಳ ನಡುವೆ ಸೇದಬೇಡಿ ಎಂದು ಯಾವ ಪೊಲೀಸನೂ ಹೇಳಿರಲಿಲ್ಲ.

ನಮ್ಮಲ್ಲಿ ಒಳಗಿನ ಹೊಗೆಯ ಬಗ್ಗೆ ಕಾನೂನು ಎಚ್ಚೆತ್ತುಕೊಂಡದ್ದು ಬಹುಮಟ್ಟಿಗೆ ಸಿನಿಮಾ ಮಂದಿರಗಳಲ್ಲಿ. ಆಗಿನ ಮೈಸೂರು ರಾಜ್ಯ 1963ರಲ್ಲೇ ಚಿತ್ರಮಂದಿರ ಮತ್ತು ಸಾರ್ವಜನಿಕ ಸಭಾಂಗಣಗಳಲ್ಲಿ ಧೂಮಪಾನವನ್ನು ನಿಷೇಧಿಸುವ ಪ್ರತ್ಯೇಕ ಕಾಯ್ದೆ ಮಾಡಿತ್ತು. ಟೆಂಟ್ ಸಿನಿಮಾ ನೋಡಿದ ತಲೆಮಾರಿನವರಿಗೆ ಪರದೆಯ ಮೇಲೆ ಬೀಳುತ್ತಿದ್ದ ಬೆಳಕಿನ ಕೋಲಿನಲ್ಲಿ ನೀಲಿಹೊಗೆ ಸುರುಳಿಯಾಡುತ್ತಿದ್ದದ್ದು ನೆನಪಿರಬಹುದು. ‘ಧೂಮಪಾನ ನಿಷೇಧಿಸಲಾಗಿದೆ’ ಎಂಬ ಸ್ಲೈಡು ಆ ಹೊಗೆಯ ಮೇಲೆಯೇ ಮೂಡುತ್ತಿತ್ತು!

ಪಕ್ಕದವರ ಹೊಗೆ ಬರೀ ಕಿರಿಕಿರಿಯಲ್ಲ, ರೋಗ ತರುವ ವಸ್ತು ಎಂದು ಗಟ್ಟಿಯಾದ ಲೆಕ್ಕದೊಂದಿಗೆ ಲೋಕಕ್ಕೆ ತಿಳಿದದ್ದು 1981ರಲ್ಲಿ. ಜಪಾನಿನ ತಾಕೇಶಿ ಹಿರಾಯಾಮಾ ಎಂಬ ಸಾಂಕ್ರಾಮಿಕ ರೋಗಶಾಸ್ತ್ರಜ್ಞರು ಎಂದೂ ತಂಬಾಕು ಸೇದದ 91,540 ಗೃಹಿಣಿಯರ ಆರೋಗ್ಯದ ದಾಖಲೆಗಳನ್ನು ಹದಿನಾಲ್ಕು ವರ್ಷ ಬೆನ್ನುಹತ್ತಿ ನೋಡಿದ್ದರು. ಗಂಡಂದಿರು ವಿಪರೀತ ಸಿಗರೇಟು ಸೇದುವವರಾಗಿದ್ದರೆ ಅವರ ಹೆಂಡಂದಿರು ಶ್ವಾಸಕೋಶದ ಕ್ಯಾನ್ಸರಿಗೆ ಬಲಿಯಾಗುವ ಸಂಭವ, ಸೇದದವರ ಹೆಂಡಂದಿರಿಗಿಂತ ಸುಮಾರು ಇಮ್ಮಡಿಯಾಗಿತ್ತು. ದೊರೆ ಜೇಮ್ಸನ ದೂರಿಗೆ 377 ವರ್ಷಗಳ ಮೇಲೆ ಸಿಕ್ಕ ಪುರಾವೆ ಇದು. ಸಿಗರೇಟು ಕಂಪನಿಗಳು ಹಿರಾಯಾಮಾ ಅವರ ಲೆಕ್ಕವೇ ತಪ್ಪೆಂದು ಪತ್ರಿಕೆಗಳಲ್ಲಿ ಹುಯಿಲೆಬ್ಬಿಸಿದವು. ಉದ್ಯಮದ ಸ್ವಂತ ಸಲಹೆಗಾರರೇ ಹಿರಾಯಾಮಾ ಹೇಳಿದ್ದು ಸರಿ ಎಂದು ಒಳಗಿಂದೊಳಗೆ ಒಪ್ಪಿಕೊಂಡಿದ್ದರೆಂಬುದು ಮುಂದೆ ಅಮೆರಿಕದಲ್ಲಿ ಬಯಲಿಗೆ ಬಂದ ಕಂಪನಿಗಳ ಕಾಗದಪತ್ರಗಳಿಂದ ತಿಳಿಯಿತು.

ಅಲ್ಲಿಂದ ಮುಂದೆ ಕಾನೂನು ಓಡತೊಡಗಿತು. ಕೇರಳದ ಹೈಕೋರ್ಟು 1999ರ ಜುಲೈಯಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಹೊಗೆ ಬಿಡುವುದು ದಂಡಸಂಹಿತೆಯ ಪ್ರಕಾರ ‘ಸಾರ್ವಜನಿಕ ಉಪದ್ರವ’ ಎಂದೂ ಅದು ಸೇದದವರ ಜೀವಿಸುವ ಹಕ್ಕಿನ ಮೇಲಿನ ಆಕ್ರಮಣವೆಂದೂ ತೀರ್ಪಿತ್ತಿತು. ಮುಂಬಯಿಯ ರಾಜಕಾರಣಿ ಮುರಳಿ ದೇವರಾ ಹೂಡಿದ ದಾವೆಯಲ್ಲಿ ಸುಪ್ರೀಂ ಕೋರ್ಟು 2001ರ ನವೆಂಬರ್ 2ರಂದು ಆಸ್ಪತ್ರೆ, ಶಾಲೆ, ಕೋರ್ಟು, ಕಚೇರಿ, ರೈಲು, ಬಸ್ಸುಗಳಲ್ಲಿ ಧೂಮಪಾನವನ್ನು ಇಡೀ ದೇಶಕ್ಕೆ ಅನ್ವಯಿಸುವಂತೆ ನಿಷೇಧಿಸಿತು. ಅದರ ಬೆನ್ನಿಗೆ ಬಂದದ್ದೇ ಮೇಲೆ ಹೇಳಿದ 2003ರ ಕಾಯ್ದೆ. ಹಿಂದೆ ಕಚೇರಿಗಳ ಮೇಜಿನ ಮೇಲೆ ಪೇಪರ್‌ವೆಯ್ಟಿನಷ್ಟೇ ಸಹಜವಾಗಿ ಕೂತಿರುತ್ತಿದ್ದ ಬೂದಿತಟ್ಟೆ ಕಾಣೆಯಾದದ್ದು ಹೀಗೆ.

ಬೂದಿತಟ್ಟೆ ಕಾಣೆಯಾಯಿತು, ಸೇದುವವನು ಕಾಣೆಯಾಗಲಿಲ್ಲ. ಅವನು ಎದ್ದು ಬಾಗಿಲಿನ ಹೊರಗೆ ಬಂದು ನಿಂತ. ಹತ್ತು ಕೋಣೆಗಳಲ್ಲಿ ಚದುರಿಹೋಗಿದ್ದ ಹೊಗೆ ಒಂದೇ ಬಾಗಿಲ ಬಳಿ ಸೇರಿತು. ಒಳಗೆ ಹೋಗುವವರೂ ಹೊರಗೆ ಬರುವವರೂ ದಾಟಲೇಬೇಕಾದ ಜಾಗವೆಂದರೆ ಅದೇ.

ಬಯಲಿನಲ್ಲಿ ಹೊಗೆ ಗಾಳಿಗೆ ಹಾರಿಹೋಗುತ್ತದೆ, ಅದರಿಂದ ಯಾರಿಗೆ ಏನು ತೊಂದರೆ ಎಂಬ ವಾದವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಸಿಗರೇಟಿನಿಂದ ಹೊರಬರುವ ಹೊಗೆ ಎರಡು ಬಗೆಯದು. ಸೇದುವವನು ಎಳೆದುಕೊಂಡು ಹೊರಗೆ ಬಿಡುವುದು ಒಂದು. ಅವನು ಸುಮ್ಮನೆ ಬೆರಳಿನ ನಡುವೆ ಹಿಡಿದುಕೊಂಡು ಮಾತಾಡುತ್ತಿರುವಾಗ ತುದಿಯಿಂದ ತಾನಾಗಿ ಏಳುವುದು ಇನ್ನೊಂದು. ಪಕ್ಕದವರ ಪಾಲಿಗೆ ಬರುವುದರಲ್ಲಿ ದೊಡ್ಡ ಭಾಗ ಈ ಎರಡನೆಯದೇ. ದಮ್ಮು ಎಳೆಯುವಾಗ ತುದಿ ನಿಗಿನಿಗಿ ಉರಿಯುತ್ತದೆ. ಬಿಟ್ಟಾಗ ಕಡಿಮೆ ಶಾಖದಲ್ಲಿ ಕಮರುತ್ತದೆ. ಹಸಿ ಸೌದೆಯ ಒಲೆ ಹೆಚ್ಚು ಹೊಗೆ ಕಾರುವಂತೆ, ಅರೆಬರೆ ಸುಡುವ ಈ ತಂಬಾಕು ಕೆಲವು ವಿಷಗಳನ್ನು ಎಳೆದುಕೊಂಡ ಹೊಗೆಗಿಂತ ಹೆಚ್ಚಾಗಿಯೇ ಉಗುಳುತ್ತದೆ. ಅದರ ಕಣಗಳು ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗಕ್ಕಿಂತಲೂ ಚಿಕ್ಕವು. ಶ್ವಾಸಕೋಶದ ಕಟ್ಟಕಡೆಯ ಗೂಡಿನವರೆಗೂ ಇಳಿಯಬಲ್ಲವು.

ಇದನ್ನು ಬಯಲಿನಲ್ಲಿ ಅಳೆದು ನೋಡಿದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು. ನೀಲ್ ಕ್ಲೆಪೀಸ್, ವೇಯ್ನ್ ಆಟ್ ಮತ್ತು ಪಾಲ್ ಸ್ವಿಟ್ಜರ್ 2007ರಲ್ಲಿ ಪ್ರಕಟಿಸಿದ ಅಧ್ಯಯನ ಎರಡೂ ಕಡೆಯ ವಾದಿಗಳಿಗೆ ಒಂದಿಷ್ಟು ಕೊಟ್ಟು ಒಂದಿಷ್ಟು ಕಿತ್ತುಕೊಂಡಿತು. ಸೇದುವವನಿಂದ ಅರ್ಧ ಮೀಟರಿನಷ್ಟು ಹತ್ತಿರ, ಗಾಳಿ ಬೀಸುವ ದಿಕ್ಕಿನಲ್ಲಿ ಕೂತವರಿಗೆ ತಗಲುವ ಹೊಗೆ, ಮನೆಯೊಳಗೆ ಸೇದಿದಾಗ ತಗಲುವಷ್ಟೇ ದಟ್ಟವಾಗಿರಬಲ್ಲದು. ಎರಡು ಮೀಟರಿನಾಚೆ, ಅಂದರೆ ಆರೇಳು ಅಡಿ ದೂರದಲ್ಲಿ, ಅದು ಬಹಳ ಬೇಗ ಇಳಿಯುತ್ತದೆ. ಸಿಗರೇಟು ಆರಿದ ಸ್ವಲ್ಪ ಹೊತ್ತಿನಲ್ಲೇ ಬಯಲಿನ ಗಾಳಿ ತಿಳಿಯಾಗುತ್ತದೆ. ಮನೆಯೊಳಗಾದರೆ ಗಂಟೆಗಟ್ಟಲೆ ಉಳಿಯುತ್ತದೆ. ಅಂದರೆ ಬಯಲಿನಲ್ಲಿ ಎಲ್ಲವೂ ನಿಂತಿರುವುದು ದೂರದ ಮೇಲೆ, ಗಾಳಿಯ ದಿಕ್ಕಿನ ಮೇಲೆ, ಎಷ್ಟು ಹೊತ್ತು ನಿಲ್ಲುತ್ತೀರಿ ಎಂಬುದರ ಮೇಲೆ. ತಲೆಯ ಮೇಲೊಂದು ಪೋರ್ಟಿಕೊ ಇದ್ದು, ಮೂರು ಕಡೆ ಗೋಡೆಯಿದ್ದು, ನಾಲ್ಕೈದು ಮಂದಿ ಒಟ್ಟಿಗೆ ಸೇದುತ್ತಿದ್ದರೆ ಅದನ್ನು ಬಯಲು ಎನ್ನುವುದು ಹೆಸರಿಗಷ್ಟೇ.

ಈ ಲೆಕ್ಕವನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡರೆ, ವಿಶಾಲವಾದ ಉದ್ಯಾನಗಳಲ್ಲೂ ಸಮುದ್ರತೀರದಲ್ಲೂ ಸಿಗರೇಟನ್ನು ನಿಷೇಧಿಸಿದ ಊರುಗಳು ಅದಕ್ಕೆ ಪಕ್ಕದವರ ಆರೋಗ್ಯವನ್ನೇ ಮುಖ್ಯ ಕಾರಣವಾಗಿ ಕೊಡುವುದು ಅಷ್ಟು ಗಟ್ಟಿಯಾದ ಮಾತಲ್ಲ ಎಂದೇ ನನ್ನ ಅಭಿಪ್ರಾಯ. ಅಲ್ಲಿ ಕಸ, ಬೆಂಕಿ, ಮಕ್ಕಳಿಗೆ ಕಾಣುವ ಮೇಲ್ಪಂಕ್ತಿ ಮುಂತಾದ ಬೇರೆ ಕಾರಣಗಳಿವೆ, ಅವೂ ಸಣ್ಣವಲ್ಲ. ಆದರೆ ಕಟ್ಟಡದ ಬಾಗಿಲಿನ ವಿಷಯ ಬೇರೆ. ಉದ್ಯಾನದಲ್ಲಿ ಹೊಗೆ ಬಂದರೆ ಬೆಂಚು ಬದಲಿಸಬಹುದು. ಹೆರಿಗೆ ಆಸ್ಪತ್ರೆಗೆ ಇರುವುದು ಒಂದೇ ಬಾಗಿಲಾದರೆ ಗರ್ಭಿಣಿ ಬೇರೆ ಯಾವ ದಾರಿಯಿಂದ ಹೋಗಬೇಕು? ಉಬ್ಬಸದ ರೋಗಿಗೆ ಆರಡಿ ದೂರದ ಪಾಠ ಹೇಳುವುದು ಹೇಗೆ? ಅವನಿಗೆ ಎರಡು ಉಸಿರಿನಷ್ಟು ಹೊಗೆ ಸಾಕು. ಅಲ್ಲದೆ ಬಾಗಿಲು ಗಾಳಿಯ ದಾರಿಯೂ ಹೌದು. ಮೆಟ್ಟಿಲ ಮೇಲೆ ಬಿಟ್ಟ ಹೊಗೆಯಲ್ಲಿ ಒಂದು ಪಾಲು ಬಾಗಿಲು ತೆರೆದಾಗಲೆಲ್ಲ ಒಳಗೆ ಬರುತ್ತದೆ. ಕಿಟಕಿ ಮೇಲಿದ್ದರೆ ಅದರಿಂದಲೂ ಬರುತ್ತದೆ.

ಅಮೆರಿಕದ ಕೆಲವು ರಾಜ್ಯಗಳು ಇದಕ್ಕೆ ಅಡಿಕೋಲು ಹಿಡಿದು ಉತ್ತರ ಕಂಡುಕೊಂಡವು. ಕ್ಯಾಲಿಫೋರ್ನಿಯದಲ್ಲಿ 2004ರ ಜನವರಿಯಿಂದ ಸರ್ಕಾರಿ ಕಟ್ಟಡಗಳ ಮುಖ್ಯ ಬಾಗಿಲು ಮತ್ತು ತೆರೆಯುವ ಕಿಟಕಿಗಳಿಂದ 20 ಅಡಿಯೊಳಗೆ ಸೇದುವಂತಿಲ್ಲ. ವಾಷಿಂಗ್ಟನ್ ರಾಜ್ಯದ ಮತದಾರರು 2005ರಲ್ಲಿ ನೇರ ಮತದಾನದಿಂದ ಒಪ್ಪಿದ ಕಾನೂನು ಇನ್ನೂ ಮುಂದೆ ಹೋಗಿ 25 ಅಡಿ ಎಂದಿತು. ಬಾಗಿಲು, ಕಿಟಕಿಯ ಜೊತೆಗೆ ಕಟ್ಟಡ ಗಾಳಿ ಎಳೆದುಕೊಳ್ಳುವ ಕಿಂಡಿಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡಿತು. ಈ ಅಳತೆಗಳು ಸಾಧ್ಯವಾಗುವುದು ಕಟ್ಟಡದ ಮುಂದೆ 25 ಅಡಿ ಖಾಲಿ ಜಾಗವಿರುವ ದೇಶದಲ್ಲಿ ಎಂಬುದನ್ನು ಮರೆಯಬಾರದು. ಬೆಂಗಳೂರಿನ ಅವೆನ್ಯೂ ರಸ್ತೆಯಂಥ ಕಡೆ ಒಂದು ಬಾಗಿಲಿನಿಂದ 25 ಅಡಿ ಅಳೆದರೆ ಎದುರು ಸಾಲಿನ ಅಂಗಡಿಯೊಳಗೇ ಹೋಗಿಬಿಡಬಹುದು.

ಜಾಗದ ಇಕ್ಕಟ್ಟಿನಲ್ಲಿ ನಮಗೆ ಹೆಚ್ಚು ಹತ್ತಿರವಾದದ್ದು ಜಪಾನ್. ಆ ದೇಶ ಈ ವಿಷಯದಲ್ಲಿ ಉಳಿದವರಿಗೆ ತಿರುಗುಮುರುಗಾಗಿ ನಡೆಯಿತು. ಟೋಕಿಯೋದ ಚಿಯೋದಾ ವಾರ್ಡು ಚಕ್ರವರ್ತಿಯ ಅರಮನೆಯೂ ಸಂಸತ್ ಭವನವೂ ಇರುವ ನಗರದ ನಡುಮಧ್ಯೆ. ಅಲ್ಲಿ ವಾಸಿಸುವವರಿಗಿಂತ ಹಗಲು ಕೆಲಸಕ್ಕೆ ಬಂದು ಹೋಗುವವರೇ ಎಷ್ಟೋ ಪಟ್ಟು ಹೆಚ್ಚು. 2002ರ ಅಕ್ಟೋಬರಿನಲ್ಲಿ ಆ ವಾರ್ಡು ಗೊತ್ತುಮಾಡಿದ ಬೀದಿಗಳಲ್ಲಿ ಸೇದುವುದನ್ನು ನಿಷೇಧಿಸಿ, ತಪ್ಪಿದವರಿಂದ 2,000 ಯೆನ್ ದಂಡ ವಸೂಲು ಮಾಡತೊಡಗಿತು. ಕಾರಣ ಕ್ಯಾನ್ಸರ್ ಅಲ್ಲ. ಕಿಕ್ಕಿರಿದ ಕಾಲುದಾರಿಯಲ್ಲಿ ನಡೆಯುವವನ ಕೈಯಲ್ಲಿರುವ ಸಿಗರೇಟಿನ ತುದಿ ಸರಿಯಾಗಿ ಮಗುವಿನ ಮುಖದ ಮಟ್ಟದಲ್ಲಿರುತ್ತದೆ. ಆ ತುದಿಯ ಶಾಖ 700 ಡಿಗ್ರಿ ಸೆಲ್ಸಿಯಸ್ಸಿನಷ್ಟು. ಬಟ್ಟೆ ಸುಡುವುದು, ಕೈ ಸುಡುವುದು, ಬೀದಿಯ ತುಂಬ ಮೋಟು ಬೀಳುವುದು ಇವು ನಡವಳಿಕೆಗೆ ಸಂಬಂಧಿಸಿದ ಪ್ರಶ್ನೆಗಳು. ಹೀಗೆ ಬೀದಿಯಿಂದ ಓಡಿಸಲ್ಪಟ್ಟ ಜಪಾನೀಯ ಸಿಗರೇಟುಗಾರ ಹೋಟೆಲಿನ ಒಳಗೆ ಹೋಗಿ, ಊಟ ಮಾಡುತ್ತಿರುವವರ ಪಕ್ಕದಲ್ಲೇ ನಿಶ್ಚಿಂತೆಯಿಂದ ಹಚ್ಚಬಹುದಾಗಿತ್ತು! ಹೋಟೆಲು, ಕಚೇರಿಗಳ ಒಳಗಿನ ಧೂಮಪಾನಕ್ಕೆ ಆ ದೇಶ ಕಾನೂನಿನ ಕಡಿವಾಣ ಹಾಕಿದ್ದು 2020ರ ಏಪ್ರಿಲಿನಲ್ಲಿ. ಅದಕ್ಕೆ ಒಂಬತ್ತು ತಿಂಗಳು ಮೊದಲು, 2019ರ ಜುಲೈಯಿಂದ, ಆಸ್ಪತ್ರೆ, ಶಾಲೆ ಮತ್ತು ಸರ್ಕಾರಿ ಕಚೇರಿಗಳ ಕಟ್ಟಡವಷ್ಟೇ ಅಲ್ಲ, ಇಡೀ ಆವರಣವೇ ನಿಷೇಧಕ್ಕೆ ಒಳಪಟ್ಟಿತು; ಗುರುತು ಮಾಡಿ ಬೇರ್ಪಡಿಸಿದ ಹೊರಗಿನ ಜಾಗಕ್ಕೆ ಮಾತ್ರ ವಿನಾಯಿತಿ. ಹಿರಾಯಾಮಾ ಅವರ ನಾಡಿನಲ್ಲೇ ಒಳಗಿನ ಹೊಗೆಗೆ ಇಷ್ಟು ವರ್ಷ ರಿಯಾಯಿತಿ ಸಿಕ್ಕಿದ್ದೇಕೆ ಎಂದು ಕೇಳುವವರು, ಅಲ್ಲಿನ ದೈತ್ಯ ತಂಬಾಕು ಕಂಪನಿಯಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚು ಷೇರು ಸರ್ಕಾರದ ಹಣಕಾಸು ಸಚಿವಾಲಯದ ಕೈಯಲ್ಲಿದೆ ಎಂಬುದನ್ನೂ ಗಮನಿಸಬೇಕು.

ತಂಬಾಕಿನ ಋಣ ನಮಗೂ ಇಲ್ಲವೆಂದಲ್ಲ. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಬೆಳೆದದ್ದು ಸಿಗರೇಟಿಗೆ ಹೋಗುತ್ತದೆ, ನಿಪ್ಪಾಣಿಯದು ಬೀಡಿಗೆ; ಕರಾವಳಿಯ ಎಷ್ಟೋ ಮನೆಗಳಲ್ಲಿ ಹೆಂಗಸರು ಕಟ್ಟಿದ ಬೀಡಿಯ ದುಡ್ಡಿನಿಂದ ಮಕ್ಕಳು ಓದಿದ್ದಾರೆ. ಇನ್ನು ಸೇದುವವರ ಸಂಖ್ಯೆ ನಾವು ಊಹಿಸುವಷ್ಟು ದೊಡ್ಡದಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಭಾರತದ ವಯಸ್ಕರಲ್ಲಿ ಹೊಗೆ ಸೇದುವವರು ಶೇ 10.7. ಆದರೆ ಮನೆಯಲ್ಲಿ ಇನ್ನೊಬ್ಬರ ಹೊಗೆಗೆ ಒಡ್ಡಿಕೊಳ್ಳುವವರು ಶೇ 38.7, ಸಾರ್ವಜನಿಕ ಸ್ಥಳಗಳಲ್ಲಿ ಶೇ 25.7. ಸೇದುವವನೊಬ್ಬ, ಕುಡಿಯುವವರು ಮೂವರು ಎಂಬಂತಿದೆ ಲೆಕ್ಕ.

ಕರ್ನಾಟಕ 2025ರಲ್ಲಿ ತನ್ನ ಮಟ್ಟಿಗೆ ಈ ಕಾಯ್ದೆಯನ್ನು ತಿದ್ದಿ ಬಿಗಿ ಮಾಡಿದೆ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ 200 ರೂಪಾಯಿಯಿದ್ದ ದಂಡ 1,000ಕ್ಕೆ ಏರಿದೆ, ತಂಬಾಕು ಕೊಳ್ಳುವವರ ಕನಿಷ್ಠ ವಯಸ್ಸು 18ರಿಂದ 21 ಆಗಿದೆ, ಹುಕ್ಕಾ ಬಾರುಗಳು ಮುಚ್ಚಬೇಕಾಗಿದೆ. ಒಂದು ಸಾವಿರ ರೂಪಾಯಿ ಆಟೋ ಓಡಿಸುವವನ ಪಾಲಿಗೆ ಒಂದು ದಿನದ ಗಳಿಕೆಯೇ ಆಗಿರಬಹುದು, ಆದ್ದರಿಂದ ದಂಡ ಹಾಕುವ ಮೊದಲು ಎಲ್ಲಿ ಸೇದಬಾರದು ಎಂಬುದು ಅವನಿಗೆ ಸ್ಪಷ್ಟವಾಗಿ ಗೊತ್ತಿರಬೇಕಾದ್ದು ನ್ಯಾಯ. ಕೇಂದ್ರ ನಿಯಮದಂತೆ ಕಟ್ಟಡದ ಪ್ರವೇಶದ್ವಾರದಲ್ಲಿ 60 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಫಲಕ ತೂಗುತ್ತದೆ. ಇಲ್ಲಿ ಸೇದುವುದು ಅಪರಾಧ ಎನ್ನುವ ಆ ಫಲಕದ ‘ಇಲ್ಲಿ’ ಎಲ್ಲಿಗೆ ಮುಗಿಯುತ್ತದೆ ಎಂಬುದಕ್ಕೆ ಮಾತ್ರ ನೆಲದ ಮೇಲೆ ಒಂದು ಬಿಳಿ ಗೆರೆಯೂ ಇಲ್ಲ.

ಬಾಗಿಲಿನ ಸೂಕ್ಷ್ಮ ನಮ್ಮ ನಿಯಮ ಬರೆದವರಿಗೆ ಹೊಳೆದಿರಲಿಲ್ಲವೆಂದೂ ಹೇಳುವಂತಿಲ್ಲ. 30 ಕೋಣೆಗಳಿಗೆ ಕಡಿಮೆಯಿಲ್ಲದ ಹೋಟೆಲು, 30 ಮಂದಿ ಕೂರಬಲ್ಲ ರೆಸ್ಟೊರೆಂಟು ಮತ್ತು ವಿಮಾನ ನಿಲ್ದಾಣಗಳಲ್ಲಿ ಸೇದುವವರಿಗೆ ಪ್ರತ್ಯೇಕ ಜಾಗ ಮಾಡಿಕೊಡಲು 2008ರ ನಿಯಮಗಳು ಅವಕಾಶವಿತ್ತವು. ಆ ಜಾಗ ಮಾತ್ರ ಒಳಬರುವ ಅಥವಾ ಹೊರಹೋಗುವ ದ್ವಾರದ ಬಳಿ ಇರಕೂಡದೆಂದು ಸ್ಪಷ್ಟವಾಗಿ ಬರೆದವು. ವಿಮಾನ ಏರುವ ಪ್ರಯಾಣಿಕ ಹೊಗೆಯನ್ನು ಹಾದು ಹೋಗಬಾರದೆಂಬ ಆ ಕಾಳಜಿ ಜಿಲ್ಲಾ ಆಸ್ಪತ್ರೆಯ ಗೇಟಿಗೆ ಬಂದಿಲ್ಲ. ಅಲ್ಲಿ ಸೇದುವವನು ಐದು ನಿಮಿಷ ನಿಂತು ಹೋಗುತ್ತಾನೆ, ರೋಗಿ ಅರ್ಧ ನಿಮಿಷದಲ್ಲಿ ದಾಟುತ್ತಾನೆ. ಹೂವು ಮಾರುವವಳು, ಎಳನೀರಿನವನು, ಚಹಾದ ಲೋಟ ತೊಳೆಯುವ ಹುಡುಗ ಬೆಳಗಿನಿಂದ ಸಂಜೆಯವರೆಗೂ ಅಲ್ಲೇ ಇರುತ್ತಾರೆ. ಎರಡು ಮೀಟರ್ ಆಚೆ ಸರಿಯಿರಿ ಎಂಬ ಸ್ಟ್ಯಾನ್‌ಫರ್ಡಿನ ವಿಜ್ಞಾನ ಅವರಿಗೆ ಉಪಯೋಗಕ್ಕೆ ಬರುವುದಿಲ್ಲ, ಎರಡು ಮೀಟರ್ ಆಚೆ ಸರಿದರೆ ವ್ಯಾಪಾರವಿಲ್ಲ.

ಗೇಟಿನ ಕಾವಲುಗಾರನೂ ಅವರ ಜೊತೆಗಿದ್ದಾನೆ. ಒಳಗೆ ಬೀಡಿ ಹಚ್ಚಿದವರನ್ನು ಗದರಿಸಿ ಹೊರಗೆ ಕಳಿಸುವುದು ಅವನ ಕೆಲಸ. ದಿನಕ್ಕೆ ಎಂಟು ಗಂಟೆ, ಎಷ್ಟೋ ಕಡೆ ಹನ್ನೆರಡು ಗಂಟೆ, ಅವನ ಕುರ್ಚಿ ಇರುವುದು ಅವರು ಬಂದು ನಿಲ್ಲುವ ಆ ಹೊರಗಿನಲ್ಲೇ.